ವಂತಿಗೆ ಎತ್ತುತ್ತಾ ಕಲಿಸಿದ ‘ಚಿಪ್ ಇನ್’

ಉಡುಪಿಯಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರು ಹೆಚ್ಚಾಗಿ ಅಂಗಡಿ, ಹೋಟೆಲು, ಮಣಿಪಾಲದ ಆಫೀಸುಗಳಲ್ಲಿ ದುಡಿಯುವವರು. ಗ್ರಾಮರ್ ಶಾಲೆಯಲ್ಲೇ ಸಾಕಷ್ಟು ಆಗಿರುತ್ತದೆ. ತೊಡಕಾಗುವುದು ಫ್ರೇಸಲ್ ವರ್ಬ್‌ಗಳಲ್ಲಿ, ಅಂದರೆ ಕ್ರಿಯಾಪದಕ್ಕೆ ‘ಇನ್’, ‘ಅಪ್’ ಥರದ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಕೊಡುವ ಮಾತುಗಳಲ್ಲಿ. ಅವುಗಳ ಪಟ್ಟಿ ಬಾಯಿಪಾಠ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಒಂದನ್ನೇ ಹಿಡಿದು, ಅದನ್ನು ಯಾರು ಯಾರಿಗೆ ಯಾವಾಗ ಹೇಳುತ್ತಾರೆ ಅಂತ ನೋಡುತ್ತೇವೆ.

ಅಷ್ಟಮಿ ಹತ್ತಿರ ಬಂದಾಗ ‘ಚಿಪ್ ಇನ್’ ತೆಗೆದುಕೊಳ್ಳುತ್ತೇನೆ, ಅಂದರೆ ಹಲವರು ಸೇರಿ ವಂತಿಗೆ ಹಾಕುವುದು. ಹುಲಿವೇಷದ ತಂಡ ಕಟ್ಟುವ ಹುಡುಗರಿಗೆ ವಂತಿಗೆ ಅಂದರೇನು ಅಂತ ಹೇಳಬೇಕಾ? ತಾಸೆ ಬಡಿಯುವವರಿಗೆ, ಬಣ್ಣಕ್ಕೆ, ಊಟಕ್ಕೆ ಎಲ್ಲರೂ ಕೈಲಾದಷ್ಟು ಹಾಕುತ್ತಾರೆ. ‘ವಿ ಆಲ್ ಚಿಪ್ಟ್ ಇನ್ ಫಾರ್ ದ ಡ್ರಮ್ಮರ್ಸ್.’ ಜೂಜಿನಲ್ಲಿ ದುಡ್ಡಿನ ಬದಲು ಇಡುವ ಬಿಲ್ಲೆಗೂ ಚಿಪ್ ಅಂತಲೇ ಹೆಸರು. ಆಡುವವರೆಲ್ಲ ತಮ್ಮ ಬಿಲ್ಲೆಯನ್ನು ನಡುವೆ ಹಾಕುವುದನ್ನು ಹೇಳಿದರೆ ‘ಇನ್’ ಯಾಕೆ ಅಂತ ಹೊಳೆಯುತ್ತದೆ. ಇಸ್ಪೀಟು ಅಂದ ಕೂಡಲೇ ಕ್ಲಾಸಿಗೆ ಎಚ್ಚರವಾಗುತ್ತದೆ, ಅದು ಬೇರೆ ಮಾತು.

ಅರ್ಥ ತಿಳಿದ ಮೇಲೆ ನಿಜವಾದ ಕೆಲಸ ಶುರು. ಒಬ್ಬನೇ ಪೂರ್ತಿ ಖರ್ಚು ಹೊತ್ತರೆ ಅದು ಚಿಪ್ ಇನ್ ಅಲ್ಲ. ಬ್ಯಾಂಕಿನ ಕಂತು, ಮನೆ ತೆರಿಗೆ ಕಟ್ಟುವುದೂ ಅಲ್ಲ. ಹಲವರು ಸೇರಬೇಕು, ಮನಸ್ಸಿನಿಂದ ಕೊಡಬೇಕು. ದುಡ್ಡೇ ಆಗಬೇಕೆಂದಿಲ್ಲ, ಚಪ್ಪರ ಹಾಕಲು ನೆರೆಮನೆಯವರು ಬಂದು ಕೈಜೋಡಿಸಿದರೂ ಇದೇ ಮಾತು ಸಾಕು. ಮೊತ್ತ ಹೇಳುವುದಾದರೆ ‘ಇನ್’ ಆದ ಮೇಲೆ ನೇರವಾಗಿ ಹೇಳಬಹುದು: ‘ಐ ಚಿಪ್ಟ್ ಇನ್ ಟೂ ಹಂಡ್ರೆಡ್ ರುಪೀಸ್.’ ನಡುವೆ ‘ವಿತ್’ ಸೇರಿಸಿದರೂ ತಪ್ಪಿಲ್ಲ. ಕೇಕಿಗೆ, ಬ್ಯಾಂಡಿಗೆ ಅನ್ನುವಲ್ಲಿ ‘ಫಾರ್’. ಕೊಳ್ಳುವುದಕ್ಕೆ ಅನ್ನುವಲ್ಲಿ ‘ಟು ಬೈ’. ಕೆಲವರು ಅಕ್ಷರ ನೋಡಿ ‘ಚಿಪ್ಪೆಡ್’ ಅನ್ನುತ್ತಾರೆ. ‘ಚಿಪ್ಟಿನ್’ ಅಂತ ಒಂದೇ ಉಸಿರಿಗೆ ಹೇಳಿಸುತ್ತೇನೆ, ಒತ್ತು ‘ಇನ್’ ಮೇಲೆ.

“ಸರ್, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟದ್ದಕ್ಕೂ ಹೀಗೆ ಹೇಳಬಹುದಾ?” ಅಂತ ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಗೆಳೆಯರ ಹತ್ತಿರ ಧಾರಾಳವಾಗಿ ಹೇಳಿ. ರಸೀದಿಯಲ್ಲಿ, ಸಮಿತಿಗೆ ಬರೆಯುವ ಪತ್ರದಲ್ಲಿ ಮಾತ್ರ ‘ಕಾಂಟ್ರಿಬ್ಯೂಟ್’ ಅಥವಾ ‘ಡೊನೇಟ್’ ಇರಲಿ. ಚಿಪ್ ಇನ್ ಸಲಿಗೆಯ ಮಾತು.

ಬೇರೆಯವರ ಮಾತಿನ ನಡುವೆ ತಾನೂ ಒಂದು ಮಾತು ಸೇರಿಸುವುದಕ್ಕೂ ಚಿಪ್ ಇನ್ ಅನ್ನುತ್ತಾರೆ, ಬ್ರಿಟಿಷ್ ಇಂಗ್ಲಿಷಿನಲ್ಲಿ ಸ್ವಲ್ಪ ಜಾಸ್ತಿ. ಇದನ್ನು ಬಳಸಲು ಅವಸರ ಬೇಡ, ಕೇಳಿದಾಗ ಗೊತ್ತಾದರೆ ಆಯಿತು. ಮೀಟಿಂಗಿನಲ್ಲಿ ಮ್ಯಾನೇಜರ್ ‘ಫೀಲ್ ಫ್ರೀ ಟು ಚಿಪ್ ಇನ್’ ಅಂದರೆ ಪರ್ಸ್ ತೆಗೆಯಬೇಡಿ ಮಾರಾಯ್ರೆ, ಮಾತಾಡಿ.