ಫುಲ್ ಟವರ್ ಇದ್ದರೂ ನೆಟ್ ಓಡದ ತೋಟ: ನನ್ನ ಅನುಭವ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ, ಮಿಡಿಗೇಶಿ ಹತ್ತಿರ ನಮ್ಮ ಚಿಕ್ಕಪ್ಪನ ದಾಳಿಂಬೆ ತೋಟ ಇದೆ. ಊರಿನ ತನಕ ಫೈಬರ್ ಬಂದಿದೆ, ತೋಟಕ್ಕೆ ಬರಲ್ಲ. ಒಂದೇ ಮನೆಗೋಸ್ಕರ ಅಷ್ಟು ದೂರ ಯಾರು ಕೇಬಲ್ ಎಳೀತಾರೆ? ಆದರೆ ಚಿಕ್ಕಪ್ಪನಿಗೆ ಬೋರ್‌ವೆಲ್ ಹತ್ತಿರ ಒಂದು ಕ್ಯಾಮೆರಾ ಬೇಕು, ಮೋಟರ್ ಕೇಬಲ್ ಕಳ್ಳರ ಕಾಟ. ತಂಗಿಗೆ ಮನೆಯಿಂದಲೇ ಆಫೀಸ್ ಕೆಲಸ. ಸಿಮ್ ಹಾಕುವ 4ಜಿ ರೂಟರ್ ಕೂರಿಸುವುದು ಅಂತ ಆಯಿತು. ಸುತ್ತಲ ಊರುಗಳಲ್ಲಿ ಈ ಕೆಲಸ ನಾನೇ ಮಾಡಿಕೊಡುತ್ತಿರುತ್ತೇನೆ.

ಚಿಕ್ಕಪ್ಪನ ದೂರು ಒಂದೇ. "ಫೋನಲ್ಲಿ ಫುಲ್ ಟವರ್ ತೋರಿಸ್ತದೆ ಕಣಪ್ಪ, ಒಂದು ಫೋಟೋ ಕಳಿಸೋಕಾಗಲ್ಲ."

ಇದು ಎಲ್ಲ ಕಡೆ ಕೇಳುವ ಮಾತು. ಫೋನಿನ ಕಡ್ಡಿ ಹೇಳುವುದು ಸಿಗ್ನಲ್ ಬಲ ಎಷ್ಟು ಅಂತ ಮಾತ್ರ. ನೆಟ್ ಎಷ್ಟು ಓಡುತ್ತೆ ಅನ್ನುವುದಕ್ಕೆ ಇನ್ನೂ ಮೂರು ವಿಷಯ ಬೇಕು: ಬ್ಯಾಂಡ್ (ಸಿಗ್ನಲ್ ಸಾಗುವ ತರಂಗಪಟ್ಟಿ) ಎಷ್ಟು ಅಗಲ, ಸಿಗ್ನಲ್ ಎಷ್ಟು ಚೊಕ್ಕ, ಆ ಹೊತ್ತಿನಲ್ಲಿ ಅದೇ ಟವರ್ ಮೇಲೆ ಎಷ್ಟು ಜನ.

ಟವರ್ ಮೇಲೆ ಉದ್ದುದ್ದ ಡಬ್ಬಿಗಳಂಥ ಆಂಟೆನಾಗಳನ್ನು ನೋಡಿರುತ್ತೀರಿ. ಸಾಮಾನ್ಯವಾಗಿ ಮೂರು ದಿಕ್ಕಿಗೆ ಮುಖ ಮಾಡಿರುತ್ತವೆ, ಒಂದೊಂದರ ಪಾಲಿಗೆ ಸುಮಾರು 120 ಡಿಗ್ರಿ. ನಿಮ್ಮ ದಿಕ್ಕಿನವರೆಲ್ಲ ಅದನ್ನೇ ಹಂಚಿಕೊಳ್ಳಬೇಕು. 4ಜಿಯಲ್ಲಿ 20 ಮೆಗಾಹರ್ಟ್ಸ್ ಅಗಲದ ತರಂಗಪಟ್ಟಿಯನ್ನು 180 ಕಿಲೋಹರ್ಟ್ಸ್‌ನ 100 ತುಂಡು ಮಾಡುತ್ತಾರೆ. ಯಾರಿಗೆ ಎಷ್ಟು ತುಂಡು ಅಂತ ಟವರ್ ಪ್ರತಿ ಮಿಲಿಸೆಕೆಂಡಿಗೆ ಹೊಸದಾಗಿ ತೀರ್ಮಾನ ಮಾಡುತ್ತದೆ. ಸಂಜೆ ಊರಿನವರೆಲ್ಲ ಮೊಬೈಲ್ ಹಿಡಿದು ಕೂತರೆ ನಿಮ್ಮ ಪಾಲು ಇಳಿಯುತ್ತೆ. ಅದಕ್ಕೆ ಯಾವ ಆಂಟೆನಾ ಹಾಕಿದರೂ ಮದ್ದಿಲ್ಲ.

ಮಿಕ್ಕ ಎರಡು ನಮ್ಮ ಕೈಯಲ್ಲಿವೆ.

ಮೊದಲು ಬ್ಯಾಂಡ್. ತೋಟಕ್ಕೂ ಟವರ್‌ಗೂ ಮಧ್ಯೆ ಒಂದು ಕಲ್ಲುಗುಡ್ಡದ ಅಂಚು ಬರುತ್ತೆ. 850 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗ ಗುಡ್ಡ, ಮರ, ಗೋಡೆಗಳನ್ನು ಸ್ವಲ್ಪ ಚೆನ್ನಾಗಿಯೇ ದಾಟಿ ಬರುತ್ತದೆ. 2300 ಅಷ್ಟು ಬಾಗುವುದಿಲ್ಲ, ಬೇಗ ಸೊರಗುತ್ತದೆ. ಹಾಗಾಗಿ ಫೋನ್ ಇಲ್ಲಿ 850ಕ್ಕೇ ಅಂಟಿಕೊಂಡು ಫುಲ್ ಕಡ್ಡಿ ತೋರಿಸುತ್ತಿತ್ತು. ಆದರೆ ಅಲ್ಲಿ ಸಿಗುತ್ತಿದ್ದ ಅಗಲ ಬರೀ 5 ಮೆಗಾಹರ್ಟ್ಸ್, ಅಂದರೆ 25 ತುಂಡು. ಗುಡ್ಡದಾಚೆಯ ಊರೆಲ್ಲ ಅದರ ಮೇಲೇ. ಅದೇ ಟವರ್‌ನಲ್ಲಿ 20 ಮೆಗಾಹರ್ಟ್ಸ್ ಅಗಲದ 2300 ಬ್ಯಾಂಡ್ ಒಂದೇ ಕಡ್ಡಿ ತೋರಿಸುತ್ತಾ ಸುಮ್ನೆ ಬಿದ್ದಿತ್ತು. ಹಿಡಿಯಬೇಕಾದ್ದು ಅದನ್ನು.

ರೂಟರ್ ತಗೊಳ್ಳುವಾಗ ಎರಡು ನೋಡಿ: ಹೊರಗಿನ ಆಂಟೆನಾಗೆ ತೂತು ಇದೆಯಾ, ಬ್ಯಾಂಡ್ ಲಾಕ್ ಮಾಡೋಕೆ, ಅಂದರೆ ನಾವು ಹೇಳಿದ ಬ್ಯಾಂಡನ್ನೇ ಹಿಡಿದಿರುವಂತೆ ಮಾಡೋಕೆ ಬರುತ್ತಾ. ಇವೆರಡೂ ಇಲ್ಲದ ಅಗ್ಗದ ಡಬ್ಬಿ ಪೇಟೆಗೆ ಸರಿ, ತೋಟಕ್ಕಲ್ಲ. ಬ್ರೌಸರ್‌ನಲ್ಲಿ 192.168.1.1 ಅಂತ ಹಾಕಿ ರೂಟರ್ ಪುಟ ತೆರೆದೆ. ಅಲ್ಲಿ ಆರ್‌ಎಸ್‌ಆರ್‌ಪಿ ಅಂತ ಒಂದು ಅಂಕಿ ಇರುತ್ತೆ, ಅದು ಸಿಗ್ನಲ್ ಬಲ. ಮೈನಸ್ 80 ಅಂದರೆ ಬಹಳ ಒಳ್ಳೆಯದು, ಮೈನಸ್ 110 ದಾಟಿತು ಅಂದರೆ ಒದ್ದಾಟ. ಪಕ್ಕದಲ್ಲಿ ಎಸ್‌ಐಎನ್‌ಆರ್, ಅದು ಸಿಗ್ನಲ್ ಎಷ್ಟು ಚೊಕ್ಕ ಅನ್ನುವುದು. ಜಾತ್ರೆಯಲ್ಲಿ ಎರಡು ಅಂಗಡಿಯ ಮೈಕ್ ಒಟ್ಟಿಗೆ ಕೂಗಿದರೆ ಶಬ್ದ ಜೋರಾಗೇ ಇರುತ್ತೆ, ಮಾತು ಮಾತ್ರ ತಿಳಿಯಲ್ಲ ಅಲ್ವಾ, ಹಾಗೆ. ಎಸ್‌ಐಎನ್‌ಆರ್ ಚೆನ್ನಾಗಿದ್ದರೆ ಟವರ್ ಒಂದೊಂದು ಸಲಕ್ಕೆ 6 ಬಿಟ್ ತುಂಬಿ ಕಳಿಸುತ್ತದೆ, ಕೆಲವು ಕಡೆ 8. ಹದಗೆಟ್ಟರೆ 2ಕ್ಕೆ ಇಳಿಸುತ್ತದೆ. ಅದೇ ತುಂಡು, ಸಾಗುವ ಸರಕು ಮೂರನೇ ಒಂದು ಪಾಲು.

ಮನೆಯೊಳಗೆ 2300ಕ್ಕೆ ಲಾಕ್ ಮಾಡಿದಾಗ ಬಂದದ್ದು ಮೈನಸ್ 113, ಎಸ್‌ಐಎನ್‌ಆರ್ 2. ಮೇಲೆ ತಗಡಿನ ಶೀಟ್ ಬೇರೆ, ಲೋಹ ಸಿಗ್ನಲ್‌ಗೆ ಗೋಡೆಗಿಂತ ದೊಡ್ಡ ಶತ್ರು. ನೀರಿನ ಟ್ಯಾಂಕ್ ಪಕ್ಕ ಜಿಐ ಪೈಪ್ ನಿಲ್ಲಿಸಿ, ಒಂದೇ ದಿಕ್ಕಿಗೆ ಹಿಡಿಯುವ ಎರಡು ಆಂಟೆನಾ ಕಟ್ಟಿದೆ. ಎರಡು ಯಾಕೆ ಅಂದರೆ 4ಜಿ ಏಕಕಾಲಕ್ಕೆ ಎರಡು ಧಾರೆಯಲ್ಲಿ ಡೇಟಾ ಕಳಿಸಬಲ್ಲದು. ಒಂದನ್ನು ಎಡಕ್ಕೆ 45 ಡಿಗ್ರಿ, ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಬೇಕು, ಆಗ ಒಂದರದ್ದು ಇನ್ನೊಂದಕ್ಕೆ ಕಲಸಿಕೊಳ್ಳುವುದು ಕಡಿಮೆ.

ತಿರುಗಿಸುವ ಕೆಲಸಕ್ಕೆ ತಾಳ್ಮೆ ಬೇಕು. ಸ್ವಲ್ಪ ತಿರುಗಿಸಿ, ಅಂಕಿ ನಿಲ್ಲೋ ತನಕ ಕಾದು, ಬರೆದುಕೊಂಡು, ಮತ್ತೆ ಸ್ವಲ್ಪ. ಕೆಳಗೆ ತಂಗಿ ಲ್ಯಾಪ್‌ಟಾಪ್ ನೋಡಿ ಅಂಕಿ ಕೂಗುತ್ತಿದ್ದಳು. ಮೈನಸ್ 93 ಸಿಕ್ಕ ಕಡೆ ಎಸ್‌ಐಎನ್‌ಆರ್ 7 ಇತ್ತು, ಯಾಕಂದರೆ ಅದೇ ಗೆರೆಯಲ್ಲಿ ಹಿಂದೆ ಇನ್ನೊಂದು ಟವರ್ ಇದೆ. ಗುಡ್ಡದ ಕಡೆಗೆ ಒಂದಿಷ್ಟು ಸರಿಸಿದೆ. ಬಲ ಮೈನಸ್ 96ಕ್ಕೆ ಇಳಿಯಿತು, ಅಂದರೆ ಅರ್ಧಕ್ಕೆ ಅರ್ಧ (ಈ ಲೆಕ್ಕದಲ್ಲಿ ಅಂಕಿ 3 ಇಳಿದರೆ ಬಲ ಅರ್ಧವಾಗುತ್ತೆ). ಎಸ್‌ಐಎನ್‌ಆರ್ ಮಾತ್ರ 15ಕ್ಕೆ ಏರಿತು, ಆ ಹಿಂದಿನ ಟವರ್ ಆಂಟೆನಾದ ನೇರದಿಂದ ತಪ್ಪಿತು. ಅಲ್ಲೇ ಬೋಲ್ಟ್ ಬಿಗಿ ಮಾಡಿದೆ. ಕಷ್ಟಪಟ್ಟು 2 ಎಂಬಿಪಿಎಸ್ ಬರುತ್ತಿದ್ದ ಮನೆಗೆ ಹಗಲು ಹೊತ್ತು 25ರ ಆಸುಪಾಸು ಬಂತು. ರಾತ್ರಿ ಎಂಟಕ್ಕೆ 9, 10.

ಆಂಟೆನಾ ಕೇಬಲ್ ಮಾತ್ರ ಗಿಡ್ಡ ಇರಲಿ. ತೆಳ್ಳನೆ ಕೇಬಲ್ ಉದ್ದ ಎಳೆದರೆ ಮೇಲೆ ಗಳಿಸಿದ್ದೆಲ್ಲ ದಾರಿಯಲ್ಲೇ ಕರಗುತ್ತೆ. ರೂಟರನ್ನೇ ಆಂಟೆನಾ ಬುಡದಲ್ಲಿ, ನೆರಳಲ್ಲಿ, ನೀರು ಹೋಗದ ಡಬ್ಬಿಯಲ್ಲಿ ಇಟ್ಟು ಕೆಳಗೆ ಲ್ಯಾನ್ ಕೇಬಲ್ ಇಳಿಸಿದೆ. ಲ್ಯಾನ್ 100 ಮೀಟರ್ ತನಕ ಧಾರಾಳ. ಇಷ್ಟೆಲ್ಲ ಯಾಕೆ, ಬೂಸ್ಟರ್ ಹಾಕಿದರಾಯಿತಲ್ಲ ಅಂತ ಕೇಳುವವರಿದ್ದಾರೆ. ಅನುಮತಿ ಇಲ್ಲದ ಬೂಸ್ಟರ್ ನಮ್ಮ ದೇಶದಲ್ಲಿ ಕಾನೂನುಬಾಹಿರ. ಅದು ಸುತ್ತಲಿನವರ ನೆಟ್‌ವರ್ಕನ್ನೂ ಕೆಡಿಸುತ್ತೆ.

ಕ್ಯಾಮೆರಾದ್ದು ಬೇರೆ ಕಥೆ. ಸಿಮ್ ನೆಟ್‌ನಲ್ಲಿ ಸಾಮಾನ್ಯವಾಗಿ ನಿಮ್ಮದೇ ಅಂತ ಒಂದು ಹೊರಗಿನ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ಮನೆ ನಂಬರ್ ಇದ್ದಂತೆ) ಸಿಗಲ್ಲ. ಒಂದು ವಿಳಾಸವನ್ನು ಕಂಪನಿ ಬಹಳ ಜನಕ್ಕೆ ಹಂಚಿರುತ್ತದೆ. ರೂಟರ್ ಪುಟದಲ್ಲಿ 100.64ರಿಂದ 100.127ರ ಒಳಗಿನ ಅಂಕಿ ಕಂಡರೆ ಅದೇ ಅಂತ ತಿಳಿಯಿರಿ. ಹೊರಗಿಂದ ನೇರ ಒಳಗೆ ಬರೋಕಾಗಲ್ಲ, ರೂಟರ್‌ನಲ್ಲಿ ಪೋರ್ಟ್ (ಒಳಗೆ ಬರುವ ಬಾಗಿಲು) ತೆರೆದು ಪ್ರಯೋಜನವಿಲ್ಲ. ಕ್ಯಾಮೆರಾ ತಾನೇ ಹೊರಗೆ ಹೋಗಿ ತನ್ನ ಕಂಪನಿಯ ಸರ್ವರ್‌ಗೆ ಸೇರುವ ಮಾದರಿಯೇ ಬೇಕು. ವಿಡಿಯೋ ಮೆಮೊರಿ ಕಾರ್ಡಿಗೆ ಹೋಗುತ್ತೆ, ಯಾರಾದರೂ ಓಡಾಡಿದರೆ ಮಾತ್ರ ಫೋನಿಗೆ ಸುದ್ದಿ. ಇಲ್ಲದಿದ್ದರೆ ದಿನದ ಡೇಟಾ ಮಧ್ಯಾಹ್ನಕ್ಕೇ ಖಾಲಿ. ಕರೆಂಟ್ ಹೋದಾಗಲೂ ಓಡಲಿ ಅಂತ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟಿದ್ದೇನೆ. ಟವರ್‌ನ ಬ್ಯಾಟರಿಯೇ ಮುಗಿದರೆ ಅದಕ್ಕೆ ನಾನೇನೂ ಮಾಡೋಕಾಗಲ್ಲ ಅಂತ ಚಿಕ್ಕಪ್ಪನಿಗೆ ಮೊದಲೇ ಹೇಳಿದ್ದೇನೆ.