ತಾನಾಗಿಯೇ ಮೇಲೇರಿದ ಜೋಕಾಲಿ

ಪಂಚಮಿಗೆಂದು ಬಾಗಲಕೋಟೆಯ ನಮ್ಮ ಮನೆಯ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲೂ ತೂಗಿಸಲು ಹೊರಟೆ. ಹಗ್ಗ 4 ಮೀಟರ್, ಗುರುತ್ವ 9.8. ಯಾರೂ ನೂಕದಿದ್ದರೂ ಪರದೆಯ ಮೇಲಿನ ಜೋಕಾಲಿ ಎತ್ತರಕ್ಕೇರುತ್ತ ಕೊನೆಗೆ ಪೂರ್ತಿ ಗಿರಕಿಯನ್ನೇ ಹೊಡೆಯಿತು! ಕಾಲದ ಹೆಜ್ಜೆಯನ್ನು, ಅಂದರೆ ಒಂದು ಲೆಕ್ಕಕ್ಕೂ ಮುಂದಿನದಕ್ಕೂ ನಡುವಿನ ಸಮಯವನ್ನು, 0.1ರಿಂದ 0.01 ಸೆಕೆಂಡಿಗೆ ಇಳಿಸಿದೆ. ರೋಗ ನಿಧಾನವಾಯಿತೇ ಹೊರತು ವಾಸಿಯಾಗಲಿಲ್ಲ.

ನಾನು ಬಳಸಿದ್ದು ಚಲನೆಯನ್ನು ಪುಟ್ಟ ಹೆಜ್ಜೆಗಳಲ್ಲಿ ಲೆಕ್ಕ ಹಾಕುವ ಸರಳ ಆಯ್ಲರ್ ವಿಧಾನ. ಹಳೆಯ ವೇಗದಿಂದ ಹೊಸ ಕೋನ, ಹಳೆಯ ಕೋನದಿಂದ ಹೊಸ ವೇಗ. ಹೀಗಾಗಿ ಹೆಜ್ಜೆಹೆಜ್ಜೆಗೂ ಇಲ್ಲದ ಶಕ್ತಿ ಸೇರಿಕೊಳ್ಳುತ್ತಿತ್ತು. ಮೊದಲು ವೇಗವನ್ನು ಬದಲಿಸಿ, ಆ ಹೊಸ ವೇಗದಿಂದಲೇ ಕೋನವನ್ನು ಲೆಕ್ಕ ಹಾಕಿದೆ. ತಿದ್ದಿದ್ದು ಒಂದೇ ಸಾಲು. ಏರಿಕೆ ನಿಂತಿತು, ಸಣ್ಣ ತೂಗಿಗೆ ಸುಮಾರು 4 ಸೆಕೆಂಡು, ಲೋಲಕದ ಸೂತ್ರ ಹೇಳುವಷ್ಟೇ.

ಅಂಗಳದಲ್ಲಿ ಅಕ್ಕನ ಮಗಳು ನಿಂತು, ಮೊಣಕಾಲು ಮಡಚಿ ಜೀಕುತ್ತ ಎಲೆ ಮುಟ್ಟುತ್ತಿದ್ದಳು. ನನ್ನ ಮಾದರಿಯಲ್ಲಿ ಮೊಣಕಾಲೂ ಇಲ್ಲ, ಗಾಳಿಯೂ ಇಲ್ಲ.