ಸರ್ಟಿಫಿಕೇಟೋ, ಎಂ.ಎಸ್ಸೋ? ಮೊದಲು ನಿಮ್ಮ ವೀಸಾ ನೋಡಿ

"ಚಿಕ್ಕಮ್ಮ, ಅಮೆರಿಕಕ್ಕೆ ಬಂದು ಎಂ.ಎಸ್. ಮಾಡಲೋ, ನಿಮ್ಮ ಥರ ನಾಲ್ಕು ಕೋರ್ಸಿನ ಗ್ರಾಜುಯೇಟ್ ಸರ್ಟಿಫಿಕೇಟ್ ಸಾಕೋ?" ಬೆಂಗಳೂರಿಂದ ಅಕ್ಕನ ಮಗ ಕೇಳಿದ. ನನ್ನ ಲೆಕ್ಕ ನಿನಗೆ ಹೊಂದಲ್ಲ ಕಣೋ ಅಂದೆ.

ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಬಿ.ಇ. ಓದಿದವಳು. ಮದುವೆಯಾಗಿ ಮಿಶಿಗನ್‌ಗೆ ಬಂದೆ. ಎಚ್-4ರಲ್ಲಿ, ಅಂದರೆ ಗಂಡನ ಕೆಲಸದ ವೀಸಾ ಆಧಾರದಲ್ಲಿ ಹೆಂಡತಿಗೆ ಸಿಗುವ ವೀಸಾದಲ್ಲಿ, ವರ್ಕ್ ಪರ್ಮಿಟ್ ಸಿಕ್ಕ ಮೇಲೆ ಕಾರಿನ ಬಿಡಿಭಾಗದ ಕಂಪನಿ ಸೇರಿದೆ. ಹಾಕಿದ್ದು ಬ್ಯಾಟರಿ ವಿಭಾಗಕ್ಕೆ, ನನಗೆ ಗೊತ್ತಿದ್ದದ್ದು ಗೇರು, ಬೇರಿಂಗು. ಕೆಲಸ ಕೈಯಲ್ಲಿತ್ತು, ವೀಸಾ ಚಿಂತೆ ಇರಲಿಲ್ಲ. ಸಂಜೆ ಕ್ಲಾಸಲ್ಲಿ 4 ಕೋರ್ಸ್, 12 ಕ್ರೆಡಿಟ್‌ನ ಸರ್ಟಿಫಿಕೇಟ್ ಮುಗಿಸಿದೆ, ಕೆಲಸಕ್ಕೆ ಅಷ್ಟು ಸಾಕಾಯಿತು. ಎಂ.ಎಸ್. ಅಂದರೆ ಸಾಮಾನ್ಯವಾಗಿ 30 ಕ್ರೆಡಿಟ್.

ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಓದಲಿಕ್ಕೇ ಬರುವವರ ಕಥೆ ಬೇರೆ. ಎಂ.ಎಸ್. ಮುಗಿಸಿದರೆ 12 ತಿಂಗಳು ಒಪಿಟಿ (ಓದಿದ ವಿಷಯದಲ್ಲೇ ಕೆಲಸ ಮಾಡಲು ಅನುಮತಿ), ಎಂಜಿನಿಯರಿಂಗ್ ಆದ್ದರಿಂದ ಮೇಲೆ ಇನ್ನೂ 24 ತಿಂಗಳು ಕೇಳಬಹುದು. ಆ 24 ತಿಂಗಳು ಸಿಗುವುದು ಇಲ್ಲಿಯ ಪದವಿ ಇದ್ದವರಿಗೆ, ಸರ್ಟಿಫಿಕೇಟಿಗೆ ಸಿಗುವುದಿಲ್ಲ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಪ್ರತ್ಯೇಕವಾಗಿ ಇಟ್ಟಿರುವ 20,000 ಜಾಗವೂ ಇಲ್ಲಿ ಮಾಸ್ಟರ್ಸ್ ಅಥವಾ ಅದಕ್ಕಿಂತ ಮೇಲೆ ಓದಿದವರಿಗೆ. ಇಷ್ಟು ಗೊತ್ತಾದ ಮೇಲೂ ಸರ್ಟಿಫಿಕೇಟಿಗೆ ವಿಮಾನ ಹತ್ತುವುದು ನನಗಂತೂ ಅರ್ಥವಾಗಲ್ಲ.

ಈಗಾಗಲೇ ಇಲ್ಲಿ ಕೆಲಸದಲ್ಲಿದ್ದರೆ ದುಡ್ಡಿನ ಲೆಕ್ಕ ಹಾಕಿ. ಕಂಪನಿ ಕೊಡುವ ಫೀಸು ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲದೆ ಬರುತ್ತದೆ. ಕೋರ್ಸಿಗೆ 2,500 ಅಂತಿಟ್ಟುಕೊಂಡರೆ ವರ್ಷಕ್ಕೆ ಎರಡು. ಸರ್ಟಿಫಿಕೇಟ್ ಎರಡು ವರ್ಷಕ್ಕೆ ಕೈಗೆ ಬರುತ್ತದೆ, ಎಂ.ಎಸ್.ಗೆ ಐದು ವರ್ಷ. ನಡುವೆ ಕೆಲಸ ಬಿಟ್ಟರೆ ಫೀಸು ವಾಪಸು ಕಟ್ಟಬೇಕಾ, ಎಚ್‌ಆರ್ ಹತ್ತಿರ ಮೊದಲೇ ಕೇಳಿ.

ನಿಮಗೆ ಬೇಕಾದ ಹುದ್ದೆಯ ಹತ್ತು ಜಾಹೀರಾತು ತೆಗೆದು "ಮಾಸ್ಟರ್ಸ್ ಕಡ್ಡಾಯ" ಅಂತ ಎಷ್ಟರಲ್ಲಿದೆ ಎಣಿಸಿ. ನಾನು ಎಣಿಸಿದಾಗ ಎರಡರಲ್ಲಿತ್ತು, ಎರಡೂ ಸಂಶೋಧನೆಯ ಕೆಲಸ.

ಇಲ್ಲಿ ಕೆಲಸದಲ್ಲಿದ್ದು ಎರಡರ ನಡುವೆ ಮನಸ್ಸು ತೂಗುತ್ತಿದ್ದರೆ ಸರ್ಟಿಫಿಕೇಟಿಂದ ಶುರುಮಾಡಿ. ಎಷ್ಟೋ ಕಡೆ ಅದೇ ಕೋರ್ಸ್, ಅದೇ ಕ್ಲಾಸು, ಎಂ.ಎಸ್. ಹುಡುಗರ ಪಕ್ಕದ ಬೆಂಚು. ಆದರೆ ಆ ಕ್ರೆಡಿಟ್ ಮುಂದೆ ಎಂ.ಎಸ್.ಗೆ ಸೇರುತ್ತದಾ, ಎಷ್ಟು ವರ್ಷದೊಳಗೆ, ಯಾವ ಗ್ರೇಡ್ ಬೇಕು ಅನ್ನುವುದನ್ನು ಇಮೇಲಲ್ಲಿ ಬರೆಸಿಕೊಳ್ಳಿ. ನಾನು ಬರೆಸಿಕೊಳ್ಳಲಿಲ್ಲ. ಮಗಳು ಹುಟ್ಟಿದಳು, ಎಂ.ಎಸ್. ಮುಂದಕ್ಕೆ ಹೋಯಿತು. ಆರು ವರ್ಷ ಕಳೆದು ಹೋಗಿ ಕೇಳಿದರೆ ಮೊದಲ ಎರಡು ಕೋರ್ಸಿನ ಅವಧಿ ಮುಗಿದಿದೆ ಅಂದರು. ಒಂದು ಹೀಟ್ ಟ್ರಾನ್ಸ್‌ಫರ್. ಬಿಸಿ ಹರಿಯುವ ರೀತಿ ಆರು ವರ್ಷದಲ್ಲಿ ಬದಲಾಗಿಬಿಟ್ಟಿತೇನೋ! ನಿಯಮ ಕೈಪಿಡಿಯಲ್ಲೇ ಇತ್ತು, ಓದದೆ ಬಿಟ್ಟಿದ್ದು ನಾನೇ.

ಹುಡುಗನಿಗೆ ಎಂ.ಎಸ್.ಗೇ ಅರ್ಜಿ ಹಾಕು ಅಂದೆ. ಹಿಂದಿನಿಂದ ಅಕ್ಕ "ಸಾಲ ಎಷ್ಟಾಗುತ್ತೆ ಕೇಳೋ" ಅಂತ ಕೂಗುತ್ತಿದ್ದಳು. ಅದಕ್ಕೆ ಭಾನುವಾರ ಮತ್ತೆ ಫೋನಿದೆ.